ಅಗಲ ಅಳೆಯದ ಕಡ್ಡಿ

ಮಾಣೀ, ಕೂಸೇ,

ಶಾಲೆಯಲ್ಲಿ ಕರೆಯುವ ನಿಮ್ಮ ಹೆಸರು ಬರೆದರೆ ಬೇರೆ ಯಾರಿಗೋ ಬರೆದ ಹಾಗೆ ಆಗುತ್ತದೆ. ಬಾಯಲ್ಲಿ ಕರೆಯುವ ಹಾಗೇ ಬರೆದಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಜೂನ್ ತಿಂಗಳಲ್ಲಿ ನಾನು ಯಲ್ಲಾಪುರಕ್ಕೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗ ಶಾಲೆ ಶುರುವಾಗಿ ಎರಡನೆಯ ವಾರ. ಕೂಸೇ, ನೀನು ಶಾಲೆಯಿಂದ ಬಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕಾಲುಚೀಲ ತೊಳೆಯುತ್ತಿದ್ದೆ. ದಿನಾ ಒಗೆಯಲು ಹಾಕುವವಳು ಅವತ್ತು ಯಾಕೆ ತಾನೇ ತೊಳೆಯುತ್ತಿದ್ದಾಳೆ ಎಂದು ನಾನು ಬಾಗಿಲು ದೂಡಿದೆ. ಬಿಳಿ ಕಾಲುಚೀಲದ ಹಿಮ್ಮಡಿಯಲ್ಲಿ ಕಂದು ಕಲೆ ಇತ್ತು. ಮೊಬೈಲಿನಲ್ಲಿ ನಂಬರ್ ಒತ್ತಿ ತರಿಸಿದ ಹೊಸ ಬೂಟು ಕಚ್ಚಿ ಚರ್ಮ ಎದ್ದಿತ್ತು. "ಎಂತಕ್ಕೆ ಹೇಳಿದ್ದಿಲ್ಲೆ?" ಎಂದು ಕೇಳಿದರೆ, "ಆಯಿ ಎಷ್ಟ್ ಖುಷಿಯಿಂದ ತರ್ಸಿತ್ತು ಅಮ್ಮಮ್ಮಾ" ಎಂದೆ. ನಾನು ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಮ್ಮಮ್ಮನಿಗೆ ತಲೆ ತಿರುಗಿತು ಎಂದು ನೀನು ನೀರು ತಂದುಕೊಟ್ಟೆ. ತಲೆ ತಿರುಗಿದ್ದಲ್ಲ. ಅದೇ ಕಲೆಯನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಅಜ್ಜನ ಕಾಲು ಯಾಕೆ ತೆಗೆದರು ಎಂದು ಮಾಣಿ ಚಿಕ್ಕವನಿದ್ದಾಗ ಕೇಳಿದ್ದ. ಮುಳ್ಳು ಚುಚ್ಚಿ ವಿಷವಾಯಿತು ಎಂದು ಹೇಳಿದ್ದೆ. ನನ್ನ ಮಗಳಾದ ನಿಮ್ಮ ಆಯಿಗೂ ಹಾಗೇ ಹೇಳಿದ್ದು, ಊರಿಗೂ ಹಾಗೇ ಹೇಳಿದ್ದು. ಅದು ಸುಳ್ಳು. ಮುಳ್ಳು ಇರಲಿಲ್ಲ.

ನಿಮ್ಮ ಅಜ್ಜ ಅಡುಗೆ ಕೆಲಸದವರು ಎನ್ನುವುದು ನಿಮಗೆ ಗೊತ್ತು. ಮದುವೆ, ಉಪನಯನ, ಶ್ರಾದ್ಧ ಯಾವುದೇ ಇರಲಿ, ಬಿಳಗಿಯಿಂದ ಹುಲೇಕಲ್ಲಿನ ತನಕ ಕರೆ ಬರುತ್ತಿತ್ತು. ಅಡುಗೆಶಾಲೆಗೆ ಮೆಟ್ಟು ಹಾಕಿಕೊಂಡು ಹೋಗುವ ಪದ್ಧತಿ ಇಲ್ಲ. ಬೆಳಗಿನ ಜಾವದಿಂದ ಸಂಜೆಯ ತನಕ ಕಾಯ್ದ ನೆಲದ ಮೇಲೆ, ಚೆಲ್ಲಿದ ಗಂಜಿಯ ಮೇಲೆ, ಬೂದಿಯ ಮೇಲೆ ಬರಿಗಾಲು. ದಾರಿಯಲ್ಲಿ ಹಾಕಲು ಒಂದು ಜೊತೆ ರಬ್ಬರಿನ ಚಪ್ಪಲಿ ಇತ್ತು, ಅದನ್ನೂ ಅರ್ಧ ದಾರಿ ಕೈಯಲ್ಲೇ ಹಿಡಿದಿರುತ್ತಿದ್ದರು. ನಲವತ್ತು ವರ್ಷ ಹಾಗೆ ನಿಂತ ಕಾಲು ಹೇಗಿರುತ್ತದೆ? ಉದ್ದಕ್ಕಿಂತ ಅಗಲವೇ ಕಣ್ಣಿಗೆ ಬೀಳುತ್ತಿತ್ತು. ಬೆರಳುಗಳು ಒಂದಕ್ಕೊಂದು ತಾಗದೆ ದೂರದೂರ ಕುಳಿತಿದ್ದವು. "ಇದು ಕಾಲಲ್ಲ, ಕೂರುವ ಮಣೆ" ಎಂದು ಅವರೇ ನಗೆಯಾಡುತ್ತಿದ್ದರು.

ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದರು, ಪಾಕದ ಹದ ನೋಡಲು ಬೆರಳೂ ನೆಕ್ಕುತ್ತಿದ್ದರು. ಹುಲೇಕಲ್ ಕಡೆಯ ಒಂದು ಮದುವೆಯಲ್ಲಿ ಕಾಯಿ ತುರಿಯುತ್ತಿದ್ದ ಹೆಂಗಸರಿಗೆ ಏನೋ ಸುಟ್ಟ ವಾಸನೆ ಬಂತಂತೆ. "ಭಟ್ರೇ, ತಳ ಹಿಡೀತಾ ನೋಡಿ" ಎಂದರಂತೆ. ಇವರು ಕೊಪ್ಪರಿಗೆ ಕೆದಕಿ, "ತಳ ಹಿಡೀಲೆ ಇದೆಂತ ನಿಂಗ್ಳ ಮನೆ ಸಾರಾ?" ಎಂದು ತಮಾಷೆ ಮಾಡಿದರಂತೆ. ಅಷ್ಟರಲ್ಲಿ ಒಬ್ಬಾಕೆ ಕೂಗಿಕೊಂಡಳು. ಒಲೆಯಿಂದ ಜಾರಿದ ಕೆಂಡ ಇವರ ಎಡಗಾಲಿನ ಕೆಳಗಿತ್ತು. ಅದರ ಮೇಲೆಯೇ ನಿಂತು ಸೌಟು ಆಡಿಸುತ್ತಿದ್ದರು.

ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಶಿರಸಿಯ ಡಾಕ್ಟರ ಹತ್ತಿರ ಹೋದೆವು. ಅವರು ಇವರಿಗೆ ಕಣ್ಣು ಮುಚ್ಚಲು ಹೇಳಿ, ಬಿರುಸು ದಾರದಂಥ ಒಂದು ಕಡ್ಡಿಯಿಂದ ಅಂಗಾಲಿನಲ್ಲಿ ಅಲ್ಲಲ್ಲಿ ಒತ್ತಿದರು. ತಾಗಿದ ಕೂಡಲೇ ಹೇಳಿ ಎಂದಿದ್ದರು. ಇವರು ಕಣ್ಣು ಮುಚ್ಚಿಕೊಂಡು ಕಾಯುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಶುರು ಮಾಡಿ ಡಾಕ್ಟ್ರೇ, ನಾನು ತಯಾರಿದ್ದೇನೆ" ಎಂದರು. ಡಾಕ್ಟರು ಆಗಲೇ ಒತ್ತಿ ಮುಗಿಸಿ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟಾಗಿತ್ತು. ನಾನು ನೋಡುತ್ತಿದ್ದೆ.

ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಬೆರಳು ಮುಚ್ಚುವ ಮೆತ್ತನೆಯ ಬೂಟು ಬೇಕು ಎಂದರು. ಆಮೇಲೆ ಅಲ್ಲಿಯ ನರ್ಸಮ್ಮ ನನ್ನನ್ನು ಬದಿಗೆ ಕರೆದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಕಾಲು ಬೆಳಿಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ. ಸಂಜೆಗೇ ಅಳೆಯಬೇಕು. ಕೂರಿಸಿ ಅಲ್ಲ, ಮೈಭಾರ ಬೀಳುವ ಹಾಗೆ ನಿಲ್ಲಿಸಿ. ದಪ್ಪ ಕಾಗದದ ಮೇಲೆ ಎರಡೂ ಕಾಲು ಇಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಬೇಕು. ಆ ಕಾಗದವನ್ನು ಅಂಗಡಿಯಲ್ಲಿ ಬೂಟಿನ ಒಳಗೆ ಹಾಕಿ ನೋಡಬೇಕು. ಎಲ್ಲೂ ಮಡಚದೆ ಮಲಗಿದರೆ ಬೂಟು ಸರಿ. ಅಂಚು ಎದ್ದರೆ ಬೇಡ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಬಿಳಿ ಕಾಲುಚೀಲವನ್ನೇ ಹಾಕಬೇಕು, ರಕ್ತ ಬಂದರೆ ಕಾಣುತ್ತದೆ.

"ಅವ್ರು ಸರಿ ಇದೆ ಅಂತಾರೆ ಅಮ್ಮಾ, ನಂಬಬೇಡಿ. ಅವ್ರ ಕಾಲಿಗೆ ಗೊತ್ತಾಗೋದಿಲ್ಲ. ಕಾಗದ ಏನು ಹೇಳ್ತದೋ ಅದನ್ನು ಕೇಳಿ" ಎಂದಳು. ನಾನು ತಲೆ ಆಡಿಸಿದೆ. ಎಲ್ಲವೂ ಅರ್ಥವಾಗಿತ್ತು ಮಕ್ಕಳೇ. ಅರ್ಥವಾಗದೆ ಆದ ತಪ್ಪು ಇದಲ್ಲ.

ಮರುದಿನ ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆ ಹರಡಿ ಅವರನ್ನು ನಿಲ್ಲಿಸಿದೆ. ನಾನು ಕೆಳಗೆ ಕುಳಿತು ಹಿಮ್ಮಡಿ ಹಿಡಿದುಕೊಂಡು ಪೆನ್ಸಿಲ್ ಸುತ್ತಿಸಿದೆ. ಹಬ್ಬದ ದಿನ ನಮಸ್ಕಾರ ಮಾಡುವಾಗ ಬಿಟ್ಟರೆ ಆ ಕಾಲನ್ನು ಅಷ್ಟು ಹೊತ್ತು ಮುಟ್ಟಿದವಳಲ್ಲ. ಅವರಿಗೂ ಸಂಕೋಚವೇ. "ಜಾತಕ ಬರೆಯಂಗೆ ಬರೀತಾ ಇದ್ದೆ. ಆಯುಷ್ಯ ಎಷ್ಟಿದ್ದು ನೋಡು" ಎಂದರು. ನಾನು ನಕ್ಕೆ. ಪೆನ್ಸಿಲ್ ಹಿಡಿದ ಕೈ ಬೆರಳಸಂದಿಗೆ ತಾಗಿದರೂ ಅವರು ಕಾಲು ಅಲುಗಿಸಲಿಲ್ಲ. ಮೊದಲಾದರೆ ಕಚಗುಳಿ ಆಗುತ್ತಿತ್ತು.

ಅಂಗಡಿಗೆ ಬನ್ನಿ ಎಂದರೆ ಒಪ್ಪಲಿಲ್ಲ. "ಆನು ಬತ್ನಿಲ್ಲೆ. ನೀನೇ ಹೋಗಿ ತಗಂಬಾ" ಎಂದರು. ಕಾಲಿನಲ್ಲಿ ಹುಣ್ಣಿರುವ ಅಡುಗೆಯವನನ್ನು ಯಾರು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಾರೆ ಎನ್ನುವ ಹೆದರಿಕೆ ಅವರಿಗೆ. ಹುಲೇಕಲ್ಲಿನ ಸುದ್ದಿಯನ್ನೇ ಹೇಗೋ ತಮಾಷೆಯಲ್ಲಿ ಮುಗಿಸಿದ್ದರು. ಸಿದ್ದಾಪುರದ ಪೇಟೆಯಲ್ಲಿ ಎಲ್ಲರಿಗೂ ಪರಿಚಯ, ಶಿರಸಿಗೇ ಹೋಗು, ನಿನ್ನ ಗುರುತು ಯಾರಿಗೂ ಇಲ್ಲ ಎಂದರು. ಹೊರಡುವಾಗ ಒಂದು ಹಿಡಿಕಡ್ಡಿಯನ್ನೂ ಕೈಗೆ ಕೊಟ್ಟರು. ಪೊರಕೆಯಿಂದ ತೆಂಗಿನ ಕಡ್ಡಿ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಹಿಡಿದು ಮುರಿಯುವುದು. ನಮ್ಮ ಕಡೆ ಹಿಂದಿನಿಂದ ಹಾಗೆಯೇ. ಪೇಟೆಗೆ ಹೋಗುವ ಒಬ್ಬರ ಕಿಸೆಯಲ್ಲಿ ಮನೆಮಂದಿಯ ಕಾಲೆಲ್ಲ ಕಡ್ಡಿಗಳಾಗಿ ಹೋಗುತ್ತಿದ್ದವು. ನನ್ನ ಅಪ್ಪಯ್ಯ ನನಗೂ ಹಾಗೆಯೇ ಚಪ್ಪಲಿ ತಂದಿದ್ದು. "ಕಾಗ್ದ ಹರದ್ರೂ ಕಡ್ಡಿ ಇರ್ತು" ಎಂದರು.

ಶಿರಸಿಯ ಬೂಟಿನ ಅಂಗಡಿಯೊಂದರಲ್ಲಿ ಶಾಲೆ ಶುರುವಾಗುವ ಕಾಲದ ಗದ್ದಲ. ಅಂಗಡಿಯವರು ಹಾವೇರಿ ಕಡೆಯವರು, ದೊಡ್ಡ ಬಾಯಿ. "ಬರ್ರಿ ಅಮ್ಮಾ, ಯಾರಿಗ್ರೀ? ನಂಬರ್ ಎಷ್ಟ್ರೀ?" ಎಂದರು. ನನ್ನ ಕೈ ಚೀಲದೊಳಗೆ ಕಾಗದದ ಮೇಲೆ ಇತ್ತು. ಅಷ್ಟು ಜನರ ಎದುರು ಗಂಡನ ಕಾಲನ್ನು ತೆಗೆದು ಹರಡುವುದು ಹೇಗೆ ಎಂದು ನಾಚಿಕೆಯಾಗಿ ಒಂದು ಕ್ಷಣ ತಡೆದೆ. ಆ ಒಂದು ಕ್ಷಣದಲ್ಲಿ ಹಿಂದಿನಿಂದ ಯಾರೋ, "ಓಹೋ, ಭಟ್ರ ಮನೆಯವ್ಳು ಅಲ್ದಾ! ಎಂತಾ ಶಿರಸಿ ಸವಾರಿ?" ಎಂದರು.

ಭೈರುಂಬೆಯ ಹೆಂಗಸು. ಹದಿನೈದು ದಿನದ ಹಿಂದಷ್ಟೇ ಮೊಮ್ಮಗನ ಉಪನಯನದ ಅಡುಗೆಗೆ ಹೇಳಲು ನಮ್ಮ ಮನೆಗೆ ಬಂದು, ನಾನು ಮಾಡಿಕೊಟ್ಟ ಕಷಾಯ ಕುಡಿದು ಹೋಗಿದ್ದಳು.

"ಯಾರಿಗೆ ಬೂಟು?"

"ಅಳಿಯಂಗೆ" ಎಂದುಬಿಟ್ಟೆ.

ಅಷ್ಟೇ. ಬಾಯಿಂದ ಬಿದ್ದಾಯಿತು. ಕಾಗದವನ್ನು ಚೀಲದ ಅಡಿಗೆ ದೂಡಿ ಕಡ್ಡಿಯನ್ನು ಹೊರಗೆ ತೆಗೆದೆ. ಅಳಿಯನ ಕಾಲು ಎಂದ ಮೇಲೆ ಆ ಅಗಲದ ಕಾಗದವನ್ನು ತೆಗೆಯುವ ಹಾಗೇ ಇರಲಿಲ್ಲ. ಅವಳಿಗೆ ಒಂದೇ ನೋಟ ಸಾಕು, ಅದು ಯಾರ ಕಾಲು ಎಂದು ಗೊತ್ತಾಗುತ್ತಿತ್ತು.

"ಕಡ್ಡಿ ತಂದೀರಿ, ಕಾಲು ತರಲಿಲ್ಲೇನ್ರಿ?" ಎಂದು ಅಂಗಡಿಯವರು ಎಲ್ಲರಿಗೂ ಕೇಳುವಂತೆ ನಕ್ಕರು. ಭೈರುಂಬೆಯವಳೂ ಬಿಡಲಿಲ್ಲ. "ಯಲ್ಲಾಪುರದ ಅಳಿಯನ ಕಾಲನ್ನೂ ಹಿಡಿಕಡ್ಡೀಲಿ ಅಳದ್ಯನೇ ಮಾರಾಯ್ತೀ? ಆ ಮನುಷ್ಯ ಸುಮ್ನೆ ನಿಂತಿದ್ನಾ?" ಎಂದಳು. ಅಂಗಡಿಯವರು ಕಡ್ಡಿಯನ್ನು ಬೂಟಿನ ಅಟ್ಟೆಗೆ ಹಿಡಿದು ನೋಡಿದರು. "ಉದ್ದ ಸಮ ಐತ್ರಿ. ಎಂಟು ನಂಬರ್. ಅಗಲ ಹ್ಯಾಂಗ್ರಿ ಕಾಲು?"

ಕೇಳಿದರು ಮಕ್ಕಳೇ. ಅವರು ಕೇಳಿದರು.

"ಸಾಧಾರಣ" ಎಂದೆ.

"ಆಫೀಸಿಗೆ ಹೋಗೋರ ಕಾಲಾದ್ರ ಇದು ಚಂದ ಕೂಡತೈತಿ" ಎಂದು ಕಟ್ಟಿಕೊಟ್ಟರು. "ಮನಿಯೊಳಗ ಹಾಕಿ ನೋಡ್ರಿ. ಆಗದಿದ್ರ ವಾಪಸ್ ತರ್ರಿ, ಬದಲಿ ಕೊಡ್ತೀನಿ. ಹೊರಗ ಮಾತ್ರ ಹಾಕಬ್ಯಾಡ್ರಿ" ಎಂದೂ ಹೇಳಿದರು.

ಮನೆಗೆ ಬಂದು ಅವರಿಗೆ ಕೊಡುವ ಮೊದಲೇ ಕಾಗದವನ್ನು ಬೂಟಿನ ಒಳಗೆ ಇಳಿಸಿದೆ. ಎರಡೂ ಬದಿಯಿಂದ ಅಂಚು ಎದ್ದು ದೊನ್ನೆಯ ಹಾಗೆ ಆಯಿತು. ನಾನು ನೋಡಿದೆ. ನೋಡಿ ಕಾಗದವನ್ನು ಹೊರಗೆ ತೆಗೆದೆ.

"ಅಗಲ ಸಾಲ್ತಿಲ್ಲೆ ಕಾಣ್ತು. ಬದಲಿ ಕೊಡ್ತ್ರಡ" ಎಂದೆ. ಅವರು ಹಾಕಿ, ಎದ್ದು, ಜಗಲಿಯ ಉದ್ದಕ್ಕೂ ಎರಡು ಸಲ ನಡೆದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವು ಕಂಡಿತು. "ಸಮಾ ಇದ್ದು. ರಬ್ಬರಿನ ಚಪ್ಪಲಿ ಹಾಕ್ಯಂಡ್ರೆ ಕಾಲಿಂದ ಜಾರಿ ಬಿದ್ರೂ ಗೊತ್ತಾಗ್ತಿತ್ತಿಲ್ಲೆ. ಇದನ್ನ ಹಾಕ್ಯಂಡ್ರೆ ಕಾಲಿದ್ದು ಹೇಳಿ ಗೊತ್ತಾಗ್ತು" ಎಂದರು.

ನರ್ಸಮ್ಮ ಹೇಳಿದ್ದು ಇದನ್ನೇ. ಬಿಗಿಯಾದದ್ದು ಮಾತ್ರ ಆ ಕಾಲಿಗೆ ತಿಳಿಯುತ್ತಿತ್ತು, ಅದಕ್ಕೆ ಬಿಗಿಯಾದದ್ದೇ ಹಿತವಾಯಿತು. ನಂಬಬೇಡ ಎಂದಿದ್ದಳು. ನಾನು ನಂಬಲಿಲ್ಲ, ಆದರೆ ನಂಬಿದವಳ ಹಾಗೆ ಸುಮ್ಮನಾದೆ. ಬದಲಿ ತರಬೇಕೆಂದರೆ ಮತ್ತೆ ಆ ಅಂಗಡಿ, ಮತ್ತೆ ಆ ದೊಡ್ಡ ಬಾಯಿ, ಅಳಿಯನಿಗೆ ಆಗಲಿಲ್ಲವೇ ಎನ್ನುವ ಪ್ರಶ್ನೆ. ಸೋಮವಾರ ಹೋದರಾಯಿತು ಎಂದುಕೊಂಡೆ. ಸೋಮವಾರ ಸೊಸೈಟಿಯ ಕೆಲಸ ಇತ್ತು ಎಂದು ನೆಪ ಮಾಡಿಕೊಂಡೆ. ಬುಧವಾರ ಅವರು ಅದೇ ಬೂಟು ಹಾಕಿಕೊಂಡು ಭೈರುಂಬೆಗೆ ಹೊರಟರು.

ಮೂರು ದಿನದ ಕೆಲಸ. ಅಡುಗೆಶಾಲೆಯ ಬಾಗಿಲಲ್ಲಿ ಬೂಟು ಕಳಚಿ ಬರಿಗಾಲಲ್ಲೇ ನಿಂತಿದ್ದರಂತೆ, ಪದ್ಧತಿ ಬಿಡಲಾದೀತೇ. ಸಂಜೆ ಊದಿದ ಕಾಲನ್ನು ಮತ್ತೆ ಅದರೊಳಗೆ ತುರುಕಿ, ಮಲಗಲು ಕೊಟ್ಟಿದ್ದ ಮನೆಯ ತನಕ ನಡೆಯುವುದು. ಮೂರನೆಯ ದಿನ ಬಸ್ಸಿಳಿದು ಮನೆಗೆ ಬಂದವರು ಬೂಟು ಕಳಚಿಟ್ಟು, ಹೊಸ ಪಂಚೆ ಉಡುಗೊರೆ ಸಿಕ್ಕಿದ್ದನ್ನು ತೋರಿಸುತ್ತ ನಿಂತಿದ್ದರು. ನನ್ನ ಕಣ್ಣು ಕೆಳಗೆ ಹೋಯಿತು. ಎಡಗಾಲಿನ ಬಿಳಿ ಕಾಲುಚೀಲದ ಕಿರುಬೆರಳ ಬದಿ ಕಂದಾಗಿ, ಒಣಗಿ, ಚರ್ಮಕ್ಕೆ ಅಂಟಿಕೊಂಡಿತ್ತು.

ಬೆಚ್ಚಗಿನ ನೀರು ಹಾಕಿ ಬಿಡಿಸಿದೆ. ಚೀಲದ ಜೊತೆಗೆ ಚರ್ಮವೂ ಬಂತು. ಅವರು ಉಪನಯನದ ಊಟಕ್ಕೆ ಎಷ್ಟು ಪಂಕ್ತಿ ಕುಳಿತವು ಎಂದು ಹೇಳುತ್ತಲೇ ಇದ್ದರು. ನಾನು ಅಳುವುದನ್ನು ನೋಡಿದ ಮೇಲೆಯೇ ಅವರು ಮಾತು ನಿಲ್ಲಿಸಿ ಕೆಳಗೆ ಬಗ್ಗಿದ್ದು.

"ಎಂತಾ ಆತು?" ಎಂದರು. ತನ್ನ ಕಾಲಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು.

ಆಮೇಲಿನದನ್ನು ಉದ್ದ ಬರೆಯುವುದಿಲ್ಲ. ನಾಲ್ಕು ದಿನ ಮನೆಯಲ್ಲೇ ಅರಿಶಿನ, ಮುಲಾಮು. ಬೆರಳು ಕಪ್ಪಾಯಿತು. ಶಿರಸಿಯ ಡಾಕ್ಟರು ನೋಡಿದವರೇ ಹುಬ್ಬಳ್ಳಿಗೆ ಕಳಿಸಿದರು. ಮೊದಲು ಒಂದು ಬೆರಳು ತೆಗೆದರು. ವಾಸನೆ ನಿಲ್ಲಲಿಲ್ಲ. ಹತ್ತು ದಿನದ ಮೇಲೆ ಮೊಣಕಾಲಿನ ಕೆಳಗೆ ತೆಗೆದರು.

ಅದಕ್ಕೂ ಮೊದಲು, ಹುಬ್ಬಳ್ಳಿಗೆ ಹೋದ ದಿನ, ಅಲ್ಲಿಯ ದೊಡ್ಡ ಡಾಕ್ಟರು ಕಾಗದದಲ್ಲಿ ಬರೆದುಕೊಳ್ಳುತ್ತ, "ಇದು ಹೇಗೆ ಶುರುವಾಯ್ತು? ಹೊಸ ಚಪ್ಪಲಿ, ಬೂಟು ಏನಾದರೂ ಹಾಕಿದ್ರಾ?" ಎಂದು ಕೇಳಿದ್ದರು. ನಿಮ್ಮ ಆಯಿ ಮತ್ತು ಅಪ್ಪಯ್ಯ ಇಬ್ಬರೂ ಮಂಚದ ಆಚೆ ನಿಂತಿದ್ದರು. ನಾನು, "ಇಲ್ಲ, ಮುಳ್ಳು" ಎಂದೆ. ಇವರು ದಿಂಬಿನಿಂದ ತಲೆ ತಿರುಗಿಸಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದು, ಮುಳ್ಳೇ. ದಾರಿಯಲ್ಲಿ" ಎಂದರು.

ಅಲ್ಲಿಗೆ ಮುಳ್ಳು ಇಬ್ಬರದ್ದೂ ಆಯಿತು. ಬದುಕಿರುವ ತನಕ ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭೈರುಂಬೆಯವಳು ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದಳು. "ಮುಳ್ಳು ಚುಚ್ಚಿ ಕಾಲು ಹೋಪದು ಅಂದ್ರೆ ಗ್ರಹಚಾರ" ಎಂದು ಕಣ್ಣು ಒರೆಸಿಕೊಂಡಳು. ನಾನು ಅವಳಿಗೂ ಕಷಾಯ ಮಾಡಿಕೊಟ್ಟೆ.

ಊರುಗೋಲು ಹಿಡಿದು ಎದ್ದು ನಿಲ್ಲುವ ಹೊತ್ತಿಗೆ, ಉಳಿದ ಬಲಗಾಲಿಗೆ ಬೂಟು ಬೇಕಾಯಿತು. ಇದೊಂದನ್ನಾದರೂ ಉಳಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಆ ಸಂಜೆ ಮತ್ತೆ ಕ್ಯಾಲೆಂಡರಿನ ಹಾಳೆ ಹರಡಿದೆ. ನಾನು ಅವರ ಸೊಂಟ ಹಿಡಿದು ನಿಲ್ಲಿಸಿದ್ದರಿಂದ ಗೆರೆ ಎಳೆಯಲು ಪಕ್ಕದ ಮನೆಯಾಕೆಯನ್ನು ಕರೆಯಬೇಕಾಯಿತು. ಜಾತಕದ ಮಾತು ಈ ಸಲ ಬರಲಿಲ್ಲ.

ಶಿರಸಿಯ ಅದೇ ಅಂಗಡಿಗೆ ಹೋದೆ. ಗಿರಾಕಿಗಳು ಆವತ್ತೂ ತುಂಬಿದ್ದರು. ಚೀಲದಿಂದ ಕಾಗದ ತೆಗೆದು ಗಲ್ಲಾಪೆಟ್ಟಿಗೆಯ ಎದುರು ಮೇಜಿನ ಮೇಲೆ ಹರಡಿದೆ. "ನನ್ನ ಯಜಮಾನರ ಕಾಲು. ಒಂದೇ ಇರುವುದು" ಎಂದೆ. ಅಂಗಡಿಯವರು ನಗಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. "ಇದು ಎಂಟು ನಂಬರಿನ ಉದ್ದ ಅಮ್ಮಾ, ಆದ್ರ ಅಗಲ ಭಾಳ ಐತಿ. ಹತ್ತು ನಂಬರಿನ ಅಗಲದ್ದು ಕೊಡಬೇಕು. ಮುಂದ ಜಾಗ ಉಳೀಲಿ, ಮ್ಯಾಲ ಪಟ್ಟಿ ಇರತೈತಿ, ಬಿಗಿ ಮಾಡಿದ್ರ ಜಾರೂದಿಲ್ಲ" ಎಂದರು. ಮೂರನೆಯ ಬೂಟಿನಲ್ಲಿ ಕಾಗದ ಒಂದು ಸುಕ್ಕೂ ಇಲ್ಲದೆ ಮಲಗಿತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟು ಸುಲಭದ ಕೆಲಸ ಅದು.

"ಜೋಡಿ ಒಡಿಯಾಕ ಬರೂದಿಲ್ರಿ ಅಮ್ಮಾ" ಎಂದು ತಗ್ಗಿದ ದನಿಯಲ್ಲಿ ಹೇಳಿ ಎರಡನ್ನೂ ಡಬ್ಬಿಯಲ್ಲಿ ಇಟ್ಟುಕೊಟ್ಟರು.

ಬಲಗಾಲಿನದನ್ನು ಅವರು ಒಂದು ವರ್ಷ ಹಾಕಿದರು. ಆ ಕಾಲಿಗೆ ಒಂದು ಗೀರೂ ಆಗಲಿಲ್ಲ. ಮತ್ತೆ ಅಡುಗೆಗೆ ಯಾರೂ ಕರೆಯಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕುಳಿತು ನನಗೆ ಸಾರಿನ ಹದ ಹೇಳುತ್ತಿದ್ದರು, ಅದೂ ಕಡಿಮೆಯಾಯಿತು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ. ಹೃದಯ ನಿಂತಿತು ಎಂದರು. ಎಡಗಾಲಿನ ಆ ಹೊಸ ಬೂಟು ಇನ್ನೂ ಡಬ್ಬಿಯಲ್ಲಿದೆ. ಒಳಗೆ ತುರುಕಿದ ಕಾಗದದ ಉಂಡೆಯನ್ನೂ ತೆಗೆದಿಲ್ಲ.

ಕೂಸೇ, ನಿನ್ನ ಕಾಲುಚೀಲ ನೋಡಿದ ದಿನ ಸಂಜೆಯೇ ನಿನ್ನನ್ನು ಯಲ್ಲಾಪುರದ ಪೇಟೆಗೆ ಎಳೆದುಕೊಂಡು ಹೋದದ್ದು ಇದಕ್ಕೆ. ಅಂಗಡಿಯ ನಡುವೆ ಕಾಗದದ ಮೇಲೆ ನಿಲ್ಲಿಸಿ ನಾನು ನೆಲದ ಮೇಲೆ ಕುಳಿತಾಗ, "ಎಲ್ಲರೂ ನೋಡ್ತಿದ್ದ ಅಮ್ಮಮ್ಮಾ" ಎಂದು ನೀನು ಕಿವಿಯಲ್ಲಿ ಹೇಳಿದೆ. ಮೊದಲ ಬೂಟಿಗೇ "ಸಮಾ ಇದ್ದು" ಎಂದೆ. ಆ ದನಿ ನನಗೆ ಗೊತ್ತು. ಕಾಗದ ಹಾಕಿ ನೋಡಿದರೆ ಅಂಚು ಎದ್ದಿತ್ತು. ನನ್ನ ನಾಚಿಕೆಯೇ ನಿನಗೆ ಬಂದಿದೆ. ಬೇರೆ ಏನಾದರೂ ಬರಬಹುದಿತ್ತು.

ಇದನ್ನು ನಿಮ್ಮ ಆಯಿಗೆ ಓದಿ ಹೇಳಿ. ಅವಳ ಎದುರು ಕುಳಿತು ಹೇಳಲು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ಓದಿದ ಮೇಲೆ ಅವಳು ಏನು ಹೇಳಿದರೂ ನಾನು ಕೇಳಿಕೊಳ್ಳುತ್ತೇನೆ. ನೀವೂ ಹೇಳಬಹುದು.

ಈ ಹಾಳೆಗಳ ಜೊತೆಗೆ ಅಜ್ಜನ ಎರಡು ಕಾಲಿನ ಕಾಗದವನ್ನೂ ಇಟ್ಟಿದ್ದೇನೆ. ಎಡಗಾಲಿನದು ಅದೊಂದೇ ಇರುವುದು. ಅಂಚು ಒಮ್ಮೆ ಮಡಚಿದ ಗುರುತು ಹಾಗೇ ಇದೆ, ಎಷ್ಟು ಒತ್ತಿದರೂ ಹೋಗಲಿಲ್ಲ. ಹಳೆಯ ನೋಟುಪುಸ್ತಕಗಳ ಜೊತೆ ರದ್ದಿಗೆ ಹಾಕಬೇಡಿ. ದೊಡ್ಡ ಪುಸ್ತಕದ ನಡುವೆ, ಇನ್ನೊಮ್ಮೆ ಮಡಚದ ಹಾಗೆ, ಜೋಪಾನವಾಗಿ ಇಟ್ಟುಕೊಳ್ಳಿ.